ಈಗ ಅದರ ದಿನ ಅಲ್ಲ

ಜುಲೈ. ಬೈತಖೋಲದಲ್ಲಿ ದೋಣಿಗಳು
ಒಂದಕ್ಕೊಂದು ಒರಗಿ ನಿದ್ದೆಹೋಗಿವೆ.
ಕಾರವಾರದ ಭಾನುವಾರದ ಸಂತೆಗೆ ನಾನು
ಮೂರು ವರ್ಷದ ಹಸಿವು, ಒಂದು ಸ್ಟೀಲಿನ ಡಬ್ಬಿ
ಎರಡನ್ನೂ ಹಿಡಿದು ಬಂದಿದ್ದೇನೆ.
ಇಸೋಣ ಇದೆಯಾ? ತಿಸರೆ?

ಶೇವಂತಿಬಾಯಿ ಕೊಡೆಯ ಮುರಿದ ಕಡ್ಡಿ ನೆಟ್ಟಗೆ ಮಾಡುತ್ತ
ಮೇಲಿಂದ ಕೆಳಗೆ ನೋಡಿದಳು.
"ಪೇಟೆಗೆ ಹೊಸಬಳೇನೆ? ಕಾಳಿ ಈಗ ಸಿಹಿ.
ಹೊಳೆ ಸಿಹಿಯಾದರೆ ತಿಸರೆ ಸಪ್ಪೆ.
ಇಸೋಣ ಬೇಕಾದರೆ ಅಗೋ, ಅಲ್ಲಿ, ಲಾರಿಯದ್ದು,
ಸತ್ತು ಎಷ್ಟು ದಿನವಾಯಿತೆಂದು ಐಸಿಗೂ ನೆನಪಿಲ್ಲ.
ಈಗ ಅದರ ದಿನ ಅಲ್ಲ, ತಂಗಿ."

ಊರ್ವಿ ನನ್ನ ರೇನ್‌ಕೋಟಿನ ತುದಿ ಜಗ್ಗಿದಳು:
"ಅಮ್ಮಾ, ಲೊರೆದಾನಾ ಇಲ್ಲಿಗೂ ಬಂದಿದ್ದಾಳಾ?"

ಮೊನ್‌ಫಾಲ್ಕೋನೆ. ಅಲ್ಲಿ ಇವರು
ಹಡಗಿನ ಹೊಟ್ಟೆಯೊಳಗೆ ಕೂತು
ಕಬ್ಬಿಣಕ್ಕೆ ಕಬ್ಬಿಣ ಬೆಸೆಯುತ್ತಾರೆ.
ಮೊದಲ ಡಿಸೆಂಬರ್. ರಾತ್ರಿಯಿಡೀ ಬಾಯಿಪಾಠ ಮಾಡಿದ
ಒಂದೇ ಒಂದು ಪದ ಹೊತ್ತು ಹೋಗಿದ್ದೆ:
ಮೆಲಂಜಾನೆ. ಬದನೆ.
ತರಕಾರಿಯ ಲೊರೆದಾನಾ ತೋರುಬೆರಳೆತ್ತಿ
ನನ್ನ ಮೂಗಿನ ಮುಂದೆ ಲೋಲಕದ ಹಾಗೆ ಆಡಿಸಿದಳು.
ಗಾಳಿಯಲ್ಲಿ ಒಂದು ಸೂರ್ಯನನ್ನು ಬರೆದು
ಇವನು ಬಂದಮೇಲೆ ಬಾ ಎಂದಳು.
ಚೀಲಕ್ಕೆ ರದಿಕ್ಯೋ ತುರುಕಿದಳು, ಕೆಂಪೆಲೆಯ ಮುಷ್ಟಿ,
ದುಡ್ಡೂ ತಕ್ಕೊಂಡಳು.

ಎಂಥ ಕಹಿ! ಒಲೆಯೆದುರು ನಿಂತು ಅತ್ತುಬಿಟ್ಟೆ.
ಹಾಗಲ ಅಂದುಕೊಂಡು ಬೆಲ್ಲ ಹಾಕಿದೆ,
ಸಿಟ್ಟಿನಿಂದ ಇನ್ನಷ್ಟು ಬೆಲ್ಲ.
ಇವರು ಮಾತಾಡದೆ ಎರಡನೇ ಸಲ ಬಡಿಸಿಕೊಂಡರು.

ಆಮೇಲೆ ಮಾರ್ಚಿಗೆ ಬೇಲಿಬಳ್ಳಿಯ ಚಿಗುರು.
ಮೇ ಬಂದರೆ ಬಟಾಣಿ, ಸುಲಿಯಲು ಊರ್ವಿ.
ಬದನೆಯೂ ಬಂತು, ಬೆವರಿನ ಜೊತೆಗೆ,
ಲೊರೆದಾನಾ ತಾನೇ ಕೂಗಿ ಕರೆದು ಕೊಟ್ಟಳು.
ಫ್ರಿಜ್ಜಿನ ತಳದಲ್ಲಿ ಮಾತ್ರ ಊರಿನ ಒಣಸೀಗಡಿ
ಎಣಿಸಿ ಎಣಿಸಿ ಉಳಿಸಿದ್ದು
ಹೆಪ್ಪುಗಟ್ಟಿಕೊಂಡು, ಯಾವ ತಿಂಗಳಿನದೂ ಅಲ್ಲದೆ.

"ಹಾಗಾದರೆ ಈಗ ಯಾವುದರ ದಿನ?"
ಕೇಳಿದವಳು ಊರ್ವಿ,
ಅರ್ಧ ಕೊಂಕಣಿಯಲ್ಲಿ, ಅರ್ಧ ಕೈಯಲ್ಲಿ.
ಶೇವಂತಿಬಾಯಿ ಪಕ್ಕದ ಹಾಲಕ್ಕಿ ಅಜ್ಜಿಯತ್ತ ಗದ್ದ ತಿರುಗಿಸಿದಳು.
ಒದ್ದೆ ಗೋಣಿಯ ಮೇಲೆ ತಗಟೆ ಸೊಪ್ಪು,
ಎರಡು ಮೊಗೆಕಾಯಿ, ಒಂದು ಬೊಗಸೆ ಕಳಲೆ.
"ಹಲಸಿನ ಬೀಜ ಹಾಕು," ಅಜ್ಜಿ ಚಿಲ್ಲರೆ ಎಣಿಸುತ್ತ ಹೇಳಿದಳು,
"ಇವತ್ತೇ ಮಾಡು. ಎಂಟು ದಿನ ಬಿಟ್ಟರೆ ದನವೂ ಮೂಸೂದಿಲ್ಲ."

ಮಧ್ಯಾಹ್ನ ಆಯಿ ಕಾಯಿ ತುರಿದಳು.
ನಾನು ಇಸೋಣದ ಮೇಲಿನ ಮುನಿಸಿನಲ್ಲೇ ಉಣ್ಣುತ್ತಿದ್ದೆ.
ಊರ್ವಿ ಬೆರಳು ನೆಕ್ಕಿ ಹೇಳಿದಳು:
"ಇದು ನಮ್ಮ ಡಿಸೆಂಬರಿನ ಹಾಗಿದೆ."

ನಾಳೆ ಹೊರಡಬೇಕು. ನೂಲ ಹುಣ್ಣಿಮೆಗೆ ಮೊದಲೇ,
ಸಮುದ್ರಕ್ಕೆ ತೆಂಗಿನಕಾಯಿ ಬೀಳುವ ಮೊದಲೇ.
ಆಯಿ ಸೀರೆಗಳ ಮಡಿಕೆಯಲ್ಲಿ
ಮುರುಗಲು ಸಿಪ್ಪೆ ಅಡಗಿಸುತ್ತಿದ್ದಾಳೆ.
ಕಂಡೂ ಕಾಣದಂತೆ ಬೀಗ ಹುಡುಕುತ್ತೇನೆ.
ಅಲ್ಲಿಯದನ್ನು ಅಲ್ಲಿಯ ದಿನಕ್ಕೆ ಉಣ್ಣುವ ನನ್ನ ನೇಮ
ಒಂದು ಕಿಲೋ ಕಡಿಮೆ ತೂಗಲಿ.

ಸಂತೆಯಿಂದ ಹೊರಡುವಾಗ ಊರ್ವಿ ಮತ್ತೆ ಹಿಂದಿರುಗಿ ಕೇಳಿದ್ದಳು,
ತಿಸರೆ ಯಾವಾಗ ಎಂದು.
"ಹೋಳಿ ಕಳೆದಮೇಲೆ ಬಾ ಮಗಾ,
ಇಳಿತದ ಹೊತ್ತಿಗೆ ನಿನ್ನನ್ನೇ ಹೊಳೆಗಿಳಿಸ್ತೇನೆ."
ದಾರಿಯುದ್ದಕ್ಕೂ ಬೆರಳು ಮಡಚಿ ಎಣಿಸಿದಳು.
ಹೋಳಿಗೆ ಶಾಲೆ. ಬಾಂಗಡೆಗೆ ಶಾಲೆ.
ಇಶಾಡು ಮಾವಿಗೆ ಶಾಲೆ.

ಅವಳ ಕಾರವಾರಕ್ಕೆ ಒಂದೇ ತಿಂಗಳು.
ಅಲ್ಲಿ ಸಮುದ್ರ ಸದಾ ಬಾಗಿಲು ಹಾಕಿದ ಅಂಗಡಿ.
ಎಂದೋ ದೊಡ್ಡವಳಾಗಿ ಯಾರದೋ ಅಡುಗೆಮನೆಯಲ್ಲಿ
ನಿನ್ನ ಆಯಿಯ ಊರು ಯಾವ ರುಚಿ ಎಂದರೆ
ಮೀನಿನ ಹೆಸರು ಅವಳ ಬಾಯಿಗೆ ಬರಲಿಕ್ಕಿಲ್ಲ.
ಹಲಸಿನ ಬೀಜ, ಅಂದಾಳು. ಮಳೆ ತಾಗಿದ ಗೋಣಿ.
ಸ್ವಲ್ಪ ಕಹಿ.