ವಾಡಿ ಜಂಕ್ಷನ್ನಿನ ಸಣ್ಣ ಮೋಟಾರು

ಲಾಡ್ಲಪ್ಪ ತಂದದ್ದು ಗೊಬ್ಬರದ ಚೀಲದಾಗ.
ಮೂಲಂಗಿ ಅಂದ್ಕೊಂಡಿದ್ದೆ.
ಮೇಜಿನ ಮ್ಯಾಲ ಸುರುವಿದ: ಕೆಂಪು ಎಂಜಿನ್ನು, ಎರಡು ಡಬ್ಬಿ,
ಒಂದರ ಗಾಲಿ ಮುರಿದು ಆ ಜಾಗಕ್ಕ ಸೋಡಾ ಬಾಟಲಿ ಮುಚ್ಚಳ.
"ಮೂವತ್ತೊಂದು ವರ್ಷ ಪಾಯಿಂಟು ಹೊಡದೀನಿ, ತಸ್ನೀಮವ್ವ,
ಉದ್ಯಾನ್ ಎಕ್ಸ್‌ಪ್ರೆಸ್ಸೂ ನಾ ಬಿಟ್ಟ ಹಳಿಗೇ ಬಂದಾದ.
ಇದೊಂದು ನನ್ನ ಮಾತು ಕೇಳವಲ್ದು."

ಸಿಕಂದರಾಬಾದಿನಾಗ ತಗೊಂಡದ್ದಂತ, ಮಗ ಸಣ್ಣಾವಿದ್ದಾಗ.
ಮಗ ಎರಡು ದಿನ ಆಡಿ ಗೋಲಿಗೆ ಹೋದ.
ಹೆಂಡತಿ ಬೈದು ಅಟ್ಟಕ್ಕ ಒಗದಳು:
ಈ ರೊಕ್ಕಕ್ಕ ಎರಡು ತಾಮ್ರದ ಕೊಡ ಬರ್ತಿದ್ದವು.
ಅವತ್ತಿಂದ ಯಾರೂ ಮುಟ್ಟಿಲ್ಲ, ಅಂದ.
ಮುಂದಿನ ಸೂಟಿಗೆ ಮೊಮ್ಮಗಳು ಬರ್ತಾಳ.

ವಾಡಿಯಾಗ ಎಲ್ಲಾ ಮೋಟಾರಿಗೂ ಒಂದೇ ಜಡ್ಡು.
ಕಾರ್ಖಾನಿ ಚಿಮಣಿ ಉಗುಳಿದ್ದು ಬೆಳಿಗ್ಗಿ ಕಟ್ಟಿ ಮ್ಯಾಲ,
ಮಧ್ಯಾಹ್ನ ರೊಟ್ಟಿ ಮ್ಯಾಲ,
ಎಣ್ಣಿ ಎಲ್ಲಿ ಹಚ್ಚಿದ್ರ ಅಲ್ಲಿ ಕೂತು ಗಟ್ಟಿ ಆಗ್ತದ.
ಕೂಲರು, ಗಿರಣಿ, ಮಿಕ್ಸಿ: ನನ್ನ ಹೊಟ್ಟಿ ತುಂಬಿಸೋವು ಅವು.
ಇದಕ್ಕ ಕೂಲಿ ಎಷ್ಟು ಕೇಳ್ಲಿ?
"ಚಾ ಕುಡದು ಬರ್ರಿ" ಅಂದೆ.

ಅಬ್ಬಾ ಇದ್ದಾಗ ಹೇಳ್ತಿದ್ರು:
ನಿಂತ ಮೋಟಾರಿಗೆ ಮೊದಲೇ ಕರೆಂಟು ಕೊಡಬ್ಯಾಡ.
ಬೆರಳಿಂದ ತಿರುಗಿಸು, ಕಿವಿ ಇಟ್ಟು ಕೇಳು.
ನೋಯ್ಲಿಕ್ಕತ್ತದೋ, ಮುನಿಸ್ಕೊಂಡದೋ, ಖರೇನೇ ಸತ್ತದೋ,
ಮೂರಕ್ಕೂ ಬ್ಯಾರೆ ಬ್ಯಾರೆ ಸಪ್ಪಳ.

ಕೆಳಗಿನ ಮುಚ್ಚಳ ತಗದೆ. ಸೆಲ್ಲು ಒಡದು ಬಿಳೀ ಉಪ್ಪು,
ತಾಮ್ರದ ನಾಲಿಗಿಗೆ ಹಸಿರು ಕಿಲುಬು.
ನಿಂಬಿಹಣ್ಣು ಹಿಂಡಿ ಹಲ್ಲುಜ್ಜೋ ಬ್ರಶ್ಶಿಂದ ತಿಕ್ಕಿದೆ.
ಸೆಲ್ಲಿನ ಮ್ಯಾಲ ತಾರೀಖಿತ್ತು.
ಹೋದ ವರ್ಷದ ಹಿಂದಿನ ವರ್ಷದ್ದು.
ಅಟ್ಟದಾಗ ಇಲಿ ಸೆಲ್ಲು ಹಾಕ್ತಾವೇನು?

ಮೋಟಾರು ಹೆಬ್ಬೆರಳಷ್ಟೂ ಇಲ್ಲ.
ಹಳೇ ಗ್ರೀಸು ಬೆಲ್ಲದ ಪಾಕಿನಂಗ ಬಿಗದಿತ್ತು.
ಚಿಮಣಿ ಎಣ್ಣಿಯಾಗ ತೊಳದೆ, ಮೂರು ಸರ್ತಿ ಕರ್ರಗ.
ಕಮ್ಯುಟೇಟರಿನ ಮಸಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರಸಿದೆ.
ಸಣ್ಣ ಬ್ರಶ್ಶೆರಡೂ ಸಡ್ಲಾಗಿದ್ದವು,
ಉಸಿರು ಬಿಗಿಹಿಡದು ಒಳಕ್ಕ ಬಗ್ಗಿಸಿದೆ.
ಅಚ್ಚಿಗೆ ಹೊಲಿಗಿ ಮಶೀನಿನ ಎಣ್ಣಿ, ಸೂಜಿ ಮೊನಿಮ್ಯಾಲ ನಿಲ್ಲೋವಷ್ಟು.
ಹೆಚ್ಚಾದ್ರ ಮತ್ತ ಸಿಮೆಂಟು ಬಂದು ಕೂಡ್ತದ.

ಹೊಸ ಸೆಲ್ಲು ಹಾಕಿದೆ. ಗುಂಯ್ ಅಂತು.
ಗಾಲಿ ಮಾತ್ರ ಅಲ್ಲಾಡಲಿಲ್ಲ.

ಭೂತಗನ್ನಡಿ ಕಣ್ಣಿಗಿಟ್ಟೆ.
ಹಿಂದಿನ ಅಚ್ಚಿಗೆ ಸುತ್ತಿ ಸುತ್ತಿ ಸುತ್ತಿ
ಒಂದು ಕೂದಲು.
ಚಿಮಟದಿಂದ ಬಿಚ್ಚಿದಂಗೆಲ್ಲ ಬಣ್ಣ ಬದಲಿಸ್ತು,
ತುದಿಗೆ ಮೆಹಂದಿ ಕೆಂಪು, ಬುಡಕ್ಕ ಬೆಳ್ಳಗ.
ಮೊಳಕ್ಕಿಂತ ಉದ್ದ.
ಮೂವತ್ತೊಂದು ವರ್ಷದಾಗ ಎಷ್ಟು ರಾತ್ರಿ ಡ್ಯೂಟಿ ಇದ್ದವೋ ಅಂವಗ!
ಈಗರ ಏನು, ಮಧ್ಯಾಹ್ನ ಆದ್ರ ಇಸ್ಪೀಟಿಗೆ ಹೋಗ್ತಾನ.

ಅಂವ ಬರೋದ್ರಾಗ ಕೂದಲು ಕಸದಾಗ ಹಾಕಿದ್ದೆ.
ಶಹಾಬಾದ್ ಪರಸಿ ಮ್ಯಾಲ ಎಂಜಿನ್ನು ಬಿಟ್ಟೆ.
ಪರಸಿ ಸಂದಿಗೊಮ್ಮೆ ಟಕ್, ಮತ್ತೊಂದು ಟಕ್,
ಕೂಲರಿನ ಕಾಲಿಗೆ ಹಾದು, ಹೊರಳಿ ನನ್ನ ಕಡೀಗೇ ಬಂತು.
ಲಾಡ್ಲಪ್ಪನ ಬಲಗೈ ತಾನೇ ಮ್ಯಾಲೆದ್ದಿತ್ತು,
ಝಂಡಾ ಇಲ್ಲದ ಕೈ.
"ಏನಾಗಿತ್ತವ್ವ ಇದಕ್ಕ?"
"ಧೂಳು" ಅಂದೆ.

ನಾಲ್ಕನೇ ದಿನ ಹೀರಾಬಾಯಿ ಬಂದಳು, ಸಂತಿ ಚೀಲ ಹಿಡಕೊಂಡು.
"ಎರಡು ಸೆಲ್ಲು ಕೊಡವ್ವ. ಮೊಮ್ಮಗಳಿಗೆ."
ಮೊಮ್ಮಗಳು ಬರೋದು ಇನ್ನಾ ತಿಂಗಳದ.
ರೊಕ್ಕ ತಗೊಂಡೆ, ಚಿಲ್ಲರೆ ಎಣಿಸಿ ಕೊಟ್ಟೆ.
"ಆಡುವಾಗ ತುರುಬು ಕಟ್ಕೋರಿ" ಅಂದೆ.

ಸೆರಗು ತಲಿಮ್ಯಾಲ ಎಳಕೊಂಡಳು.
ಮೆಟ್ಟಲು ಇಳದಳು. ಮತ್ತ ಏರಿದಳು.
"ಇನ್ನೆರಡು ಕೊಡು."