ಅಡ್ಡ ಮಲಗಿದ ಪುಟ

ರಾತ್ರಿ ಹತ್ತೂವರೆಗೆ ಬಂದಳು ನೆಸ್ತಾನ್,
ಕುತಾಯಿಸಿಯ ಈ ನೆಲಮಾಳಿಗೆಯ ಜೆರಾಕ್ಸ್ ಅಂಗಡಿಗೆ,
ಪೆನ್‌ಡ್ರೈವ್ ಹಲ್ಲಲ್ಲಿ ಕಚ್ಚಿ,
ಎರಡೂ ಕೈಯಲ್ಲಿ ಬಿಸಿ ಜೋಳದ ರೊಟ್ಟಿ.
"ನಾಳೆ ಒಂಬತ್ತಕ್ಕೆ ಒಪ್ಪಿಸಬೇಕು, ತ್ಸಿಯೂರಿ ಚಿಕ್ಕಮ್ಮ.
ನನ್ನ ಪ್ರಬಂಧ ಮಲಗಿಬಿಟ್ಟಿದೆ."

ನಿಜ. ತೆರೆದು ನೋಡಿದರೆ
ನೂರಾ ಹನ್ನೆರಡು ಪುಟಗಳೂ ಅಡ್ಡಡ್ಡ,
ಆಸ್ಪತ್ರೆಯ ವಾರ್ಡಿನ ಹಾಗೆ.
ರಿಯೋನಿ ನದಿಯ ನೀರಿನ ಮಟ್ಟದ ಕೋಷ್ಟಕ ಒಂದಿದೆ,
ಹದಿನೇಳು ಕಾಲಂ, ನಿಂತ ಹಾಳೆಯಲ್ಲಿ ಹಿಡಿಸದು.
ಅದೊಂದನ್ನು ಮಲಗಿಸಹೋಗಿ
ಕೃತಜ್ಞತೆ, ಪೀಠಿಕೆ, ಗ್ರಂಥಸೂಚಿ
ಎಲ್ಲವನ್ನೂ ಮಲಗಿಸಿದ್ದಾಳೆ.

ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು
ಅಡಗಿದ ಗುರುತುಗಳ ಗುಂಡಿ ಒತ್ತಿದೆ.
ಪುಟದ ಬೆನ್ನೆಲುಬು ಕಂಡಿತು:
ಎಂಟರ್, ಎಂಟರ್, ಎಂಟರ್, ಎಂಟರ್,
ಹೊಸ ಅಧ್ಯಾಯ ಹೊಸ ಪುಟಕ್ಕೆ ಹೋಗಲಿ ಎಂದು
ಮೂವತ್ತೊಂದು ಸಲ ಒತ್ತಿದ್ದಾಳೆ ಹುಡುಗಿ,
ಖಾಲಿ ಸಾಲುಗಳನ್ನು ಮೆಟ್ಟಿಲಂತೆ ಇಳಿದು.
ಮೇಲೆಲ್ಲೋ ಒಂದು ವಾಕ್ಯ ಸೇರಿಸಿದರೆ ಸಾಕು,
ಕೆಳಗಿನ ಶೀರ್ಷಿಕೆಗಳೆಲ್ಲ
ಹೊಸ್ತಿಲೆಡವಿ ಬೀಳುತ್ತವೆ.

"ಇಲ್ಲಿ ಒಂದು ಗೆರೆ," ಅಂದೆ,
"ಕೋಷ್ಟಕ ಮುಗಿದಲ್ಲಿ ಇನ್ನೊಂದು.
ಸೆಕ್ಷನ್ ಬ್ರೇಕ್. ಒಂದೇ ಹಾಕಿದರೆ
ಅಲ್ಲಿಂದ ಕೊನೆತನಕ ಮಲಗಿಯೇ ಇರುತ್ತದೆ.
ಮಲಗಿಸುವವಳಿಗೆ ಎಬ್ಬಿಸುವುದೂ ಗೊತ್ತಿರಬೇಕು."

ಹೆಡ್ಡರಿನದು ಮತ್ತೊಂದು ರಗಳೆ.
ನಾಲ್ಕನೆಯ ಅಧ್ಯಾಯದ ನೆತ್ತಿಯ ಮೇಲೂ
ಮೊದಲನೆಯದರ ಹೆಸರು.
ಗೋಡೆ ಎಬ್ಬಿಸಿದರೂ ಒಲೆ ಒಂದೇ ಉಳಿದ ಮನೆ.
ಹಿಂದಿನದಕ್ಕೆ ಜೋಡಿಸಿದೆ ಎನ್ನುತ್ತದೆ ಯಂತ್ರ,
ಏನೋ ಉಪಕಾರ ಮಾಡಿದವರ ಹಾಗೆ.
ಆ ಕೊಂಡಿ ಕಳಚದೆ ಮೊಮ್ಮಗನ ಹೆಸರು ತಿದ್ದಿದರೆ
ಅಜ್ಜನ ಹೆಸರೂ ತಿದ್ದಿಹೋಗುತ್ತದೆ.

ಅವಳ ಬೆರಳಿಗೆ ತುರಿಕೆ. ಮೊದಲ ಗೆರೆ ಅಳಿಸಿಯೇಬಿಟ್ಟಳು.
ಕೋಷ್ಟಕದ ಹಿಂದಿನ ಅಷ್ಟೂ ಪುಟ
ಥಟ್ಟನೆ ಅಡ್ಡಬಿತ್ತು.
"ಅದ್ಯಾಕೆ? ಮುಂದಿನದು ತಾನೇ
ಹಿಂದಿನದರಂತೆ ಆಗಬೇಕಾದ್ದು?"
ಎಲ್ಲರೂ ಹಾಗೇ ಎಣಿಸುತ್ತಾರೆ.
ವಿಭಾಗ ತನ್ನ ಗುಣ ಇಟ್ಟುಕೊಳ್ಳುವುದು
ತನ್ನ ಕೊನೆಯ ಗುರುತಿನಲ್ಲಿ.
ಅಂಚು, ಅಗಲ, ಅಂಕಿ, ಎಲ್ಲ ಗಂಟು ಕಟ್ಟಿ
ಹೊರಡುವ ಬಾಗಿಲಲ್ಲಿ ಇಟ್ಟಿರುತ್ತದೆ.
ಗಂಟು ಕಳೆದರೆ
ಆದದ್ದು, ಆಗಲಿರುವುದರ ಆಕಾರ ತಾಳುತ್ತದೆ.

ಕಂಟ್ರೋಲ್ ಝಡ್. ಎದ್ದು ನಿಂತಿತು.

ಹೇಳುತ್ತ ಹೇಳುತ್ತ ನನಗೇ ಯಾಕೋ ಬಾಯಿ ಕಟ್ಟಿತು.
ಟ್ರಕ್ ಕಾರ್ಖಾನೆಯಲ್ಲಿ ಬೆರಳಚ್ಚುಗಾರ್ತಿ ನಾನು, ಒಂಬತ್ತು ವರ್ಷ.
ಅಗಲದ ಕೋಷ್ಟಕ ಬಂದರೆ ಹಾಳೆ ಕಿತ್ತು
ಕೈಯಾರೆ ಅಡ್ಡ ತಿರುಗಿಸಿ ಉರುಳೆಗೆ ಕೊಡುವುದು, ಅಷ್ಟೇ.
ಆಮೇಲೆ ಕಾರ್ಖಾನೆ ನಿಂತಿತು, ದೇಶ ನಿಂತಿತು,
ದೀಪ ನಿಂತಿತು.
ಇಲ್ಲಿಗೆ ಮುಗಿಯಿತು ಎಂದು ಯಾರೂ ಗೆರೆ ಎಳೆಯಲಿಲ್ಲ.
ಸೀಮೆಎಣ್ಣೆ ಒಲೆಯ ಪಕ್ಕ ಕೂತು
ಎಂಟರ್, ಎಂಟರ್, ಎಂಟರ್,
ಹೊಸ ಪುಟ ಬಂದೀತು ಎಂದು
ಖಾಲಿ ಸಾಲು ಇಳಿದುಕೊಂಡೇ ಬಂದವಳು ನಾನೂ.
ಇವತ್ತಿಗೂ ನೆತ್ತಿಯ ಮೇಲೆ ಅದೇ ಹೆಸರು;
ಬೀದಿಯಲ್ಲಿ ಕೂಗುತ್ತಾರೆ,
ಟ್ರಕ್ ತ್ಸಿಯೂರಿ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
"ಪೀಠಿಕೆಗೆ ರೋಮನ್ ಅಂಕಿ ತಾನೆ?" ಅಂದೆ.

ಎರಡು ಗಂಟೆಗೆ ಮುದ್ರಣ. ಹಾಳೆಗಳು ಬೆಚ್ಚಗೆ.
ಐವತ್ತೇಳು, ನಿಂತು.
ಐವತ್ತೆಂಟು ಅಡ್ಡ,
ನದಿ ತನ್ನ ಹಾಸಿಗೆಯಲ್ಲಿ,
ಹಿಮ ಕರಗಿದ ಏಪ್ರಿಲ್ಲಿನ ಏರಿಕೆಯೂ ಅಂಚಿನೊಳಗೇ.
ಐವತ್ತೊಂಬತ್ತು ಮತ್ತೆ ಎದ್ದು.
ಕೊನೆಗೆ, ಕೇಳದೆಯೇ, ಒಂದು ಖಾಲಿ ಹಾಳೆ.

"ಇದು?"
"ಕೋಷ್ಟಕದಲ್ಲಿ ಮುಗಿಸಿದ್ದೀಯ.
ಕೋಷ್ಟಕದಾಚೆಗೆ ಒಂದು ಪ್ಯಾರಾ ಇರಲೇಬೇಕು,
ಏನೂ ಬರೆಯದಿದ್ದರೂ.
ಕುಗ್ಗಿಸಬಹುದು, ಅಳಿಸಲಾಗದು."

ಹಣ ಎಣಿಸಿ ಕೊಟ್ಟಳು, ಎರಡು ನಾಣ್ಯ ಕಡಿಮೆ.
ಸ್ಕ್ಯಾನರಿನ ಮೇಲೆ ಒಂದು ರೊಟ್ಟಿ ಮರೆತು ಹೋದಳು.
ಆ ಖಾಲಿ ಹಾಳೆ ಉಪಯೋಗಕ್ಕೆ ಬಂತು,
ರೊಟ್ಟಿ ಸುತ್ತಿಡಲು.