ಅರ್ಜಿ ನಂಬರ ಹದಿನೇಳು

ಲಕೋಟಿ ಒಡದ ಕೂಡ್ಲೆ ಸೀನು ಬಂತು.
ಮತ್ತೊಂದು. ಇನ್ನೊಂದು.
ಹೊಸಮನಿ ಸರ್ ಕಿಟಕಿ ತಗದ್ರು, ಹೊರಗ ವಿದ್ಯಾನಗರದ ಧೂಳು.
'ಥಂಡಿ ಆಗೇತೇನ್ರಿ ಮೇಡಂ?'
ಥಂಡಿ ಅಲ್ಲ. ಅಂಚೆ ಶಿಕ್ಕಾ ನೋಡಿದೆ: ಬ್ಯಾಡಗಿ.

ನಲವತ್ತೊಂದು ಅರ್ಜಿ, ಮೂರು ಜಾಗಾ.
ಕಂಪ್ಯೂಟರ ಓದೋ ಹೆಣ್ಣಮಕ್ಕಳಿಗೆ ವರ್ಷಕ್ಕ ಹದಿನೆಂಟು ಸಾವಿರ.
'ಯಾಕ ಓದಬೇಕಂತೀರಿ? ಇನ್ನೂರು ಶಬ್ದದೊಳಗ ಬರೀರಿ.'
ಆರು ಮಂದಿ ಒಂದ ವಾಕ್ಯದಿಂದ ಸುರು ಮಾಡ್ಯಾರ:
'ಇಂದಿನ ಯುಗವು ಗಣಕಯಂತ್ರದ ಯುಗ.'
ತಪ್ಪೇನಿಲ್ಲ. ಆದ್ರ ಅದರಾಗ
ಯಾರ ಕೈಯೂ ಕಾಣಂಗಿಲ್ಲ.

ಹದಿನೇಳನೇದಾಕಿ ಇನ್ನೂರು ಬರದಿಲ್ಲ.
ನಸೀಮಬಾನು ರಾಜೇಸಾಬ ಕುಂಚೂರ.
ನೀಲಿ ಶಾಯಿ, ಮೂಲ್ಯಾಗ ಒಂದು ಕೆಂಪು ಬೆರಳಿನ ಗುರ್ತು:

'ಆದಾಯದ ದಾಖಲೆ ಹಚ್ಚಿಲ್ಲ. ಕ್ಷಮಿಸಬೇಕು.
ಅವ್ವ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ತುಂಬು ಮುರೀತಾಳ,
ಇಪ್ಪತ್ತೆರಡು ವರ್ಷ ಆತು.
ಮೂರು ಸಲ ಹೋದ್ವಿ. ಮಷೀನು ಆಕಿ ಹೆಬ್ಬೆಟ್ಟು ಗುರ್ತ ಹಿಡೀಲಿಲ್ಲ.
ತೊಳದ್ವಿ, ಎಣ್ಣಿ ಹಚ್ಚಿದ್ವಿ, ಸೆರಗಿಗೆ ತಿಕ್ಕಿದ್ವಿ.
ಕೇಂದ್ರದಾಂವ ಅಂದ, ನಿಮ್ಮವ್ವಗ ಬೆರಳಿಲ್ಲ.
ಅದಾವ್ರಿ, ಹತ್ತೂ ಅದಾವ.
ಮಷೀನಿಂದು ತಪ್ಪಲ್ಲ ಅನಸ್ತೈತಿ.
ಅದಕ್ಕ ಇಂಥಾ ಬೆರಳು ಯಾರೂ ತೋರಿಸಿಲ್ಲ.
ನಾ ತೋರಸ್ತೀನಿ.'

ಅಷ್ಟ. ಕೆಳಗ ಸಹಿ.

ಈ ರೊಕ್ಕ ಇಟ್ಟಾಕಿ ಅಂಬೂಬಾಯಿ ಸಬನೀಸ,
ಹುಬ್ಬಳ್ಳಿ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಮೂವತ್ತೊಂದು ವರ್ಷ
ಕಿವಿಗೆ ತಂತಿ ಹಚಗೊಂಡು ಕೂತಾಕಿ.
ಅರಳಿ ದರ, ಸಾವಿನ ಸುದ್ದಿ, ಕನ್ಯಾ ಒಪ್ಪಿಗಿ,
ಎಲ್ಲಾ ಆಕಿ ಕೈಯಾಗ ಹಾದು ಹೋಗೂವು.
ತಂತಾನ ಜೋಡಿಸೋ ಡಬ್ಬಿ ಬಂದ ದಿನ
ಆಕಿ ಕೇಳಿದ್ದು ಒಂದ ಮಾತು: 'ಇದರ ಒಳಗ ಏನೈತ್ರಿ?'
ಬಂದಿದ್ದ ಇಂಜಿನಿಯರ ನಕ್ಕು, ಚಹಾ ತರಾಕ ಹೇಳಿದ್ನಂತ.
ಮೃತ್ಯುಪತ್ರದಾಗ ಒಂದ ಶರತ್ತು ಬರಸ್ಯಾಳ:
'ನಡುವ ಮದುವಿ ಆದ್ರ
ರೊಕ್ಕ ನಿಂದರಸಬ್ಯಾಡ್ರಿ.'

ಆ ಸಾಲಿನ ತೂಕ ನನಗ ಗೊತ್ತೈತಿ.
ಮೊದಲನೇ ವರ್ಷದ ಮೂವರೊಳಗ ನಾನೊಬ್ಬಾಕಿ.
ದೇಶಸೇವಾ ಮಾಡ್ತೀನಂತ ಬರದಿದ್ದೆ. ಸುಳ್ಳು.
ಕಾಲೇಜಿನ್ಯಾಗ ಥಣ್ಣಗ ಇರೂದು ಅದೊಂದ ಖೋಲಿ,
ಚಪ್ಪಲಿ ಹೊರಗ ಬಿಟ್ಟು ದೇವರಮನಿಗತೆ ಒಳಗ ಹೋಗೂದು.
ಎಪ್ರಿಲ್ ಬಿಸಲಾಗ ಅದರೊಳಗ ಕೂಡಬೇಕಂತ ಆಶಾ, ಮತ್ತೇನಿಲ್ಲ.
ಎರಡನೇ ವರ್ಷ ಮದುವಿ. ಅಣ್ಣಿಗೇರಿ. ಪುಸ್ತಕ ಅಟ್ಟಾ ಏರಿದ್ವು.
ಜುಲೈದಾಗ ಚೆಕ್ಕು ಬಂತು, ತವರಿನ ಅಡ್ಡಹೆಸರಿಗೆ.
ಅತ್ತಿ ಬೆಳಕಿಗೆ ಹಿಡದು, ತಿರುವಿ ಮುರುವಿ ನೋಡಿದ್ರು:
'ಓದಿದ್ರ ಇವರ ಕೊಡ್ತಾರೇನ? ಹಂಗಾರ ಹೋಗು.
ರೊಟ್ಟಿ ನಾ ಬಡೀತೀನಿ.'

'ದಾಖಲೆ ಇಲ್ಲ,' ಹೊಸಮನಿ ಸರ್ ಕನ್ನಡಕ ಏರಿಸಿದ್ರು,
'ನಿಯಮದ ಪ್ರಕಾರ ಅಪೂರ್ಣ.'
ಕೆಟ್ಟ ಮನಿಷಾ ಅಲ್ಲ. ನಿಯಮ ಬರದವರು ನಾವಿಬ್ಬರ.
ಮರತು, ಅದ ಕೈಲೆ ಕಣ್ಣು ಒರಸಿಕೊಂಡೆ.
ಬ್ಯಾಡಗಿದು ಬಣ್ಣ ಜಾಸ್ತಿ, ಖಾರ ಕಡಿಮಿ ಅಂತಾರ.
ಅಂದವರು ಕಣ್ಣಿಗೆ ಹಚಗೊಂಡಿಲ್ಲ.

'ಅಳಬ್ಯಾಡ್ರಿ ಮೇಡಂ.'
'ಅಳಾಕತ್ತಿಲ್ರಿ.'
ಲಕೋಟಿ ಅವರ ಕಡೆ ಸರಿಸಿದೆ.
'ಒಮ್ಮೆ ಓದ್ರಿ. ದೂರ ಅಲ್ಲ,
ಮಾರಿ ಹತ್ರ ಹಿಡದು ಓದ್ರಿ.'

ಓದಾಕತ್ತಾರ.
ಕಾಯಾಕತ್ತೀನಿ,
ಮೊದಲನೇ ಸೀನಿಗೆ.